ಘಟೋತ್ಕಚ ಕೈ ತೊಳೆದ ಕೆರೆ

ನಮ್ಮ ಸೋದರತ್ತೆ ಸಿನಿಮಾ ಹೇಳುತ್ತಿದ್ದರು. ಸಿನಿಮಾ ನೋಡುವವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದರು, ಹೇಳುವವರು ಇವರೊಬ್ಬರೇ. ಚಿಂತಾಮಣಿಯ ನಾದಿನಿ ಮನೆಗೋ ಬೆಂಗಳೂರಿನ ಭಾವನ ಮನೆಗೋ ಹೋದಾಗ ಒಂದು ಸಿನಿಮಾ ನೋಡಿಕೊಂಡು ಬಂದರೆಂದರೆ ಅದು ನಮ್ಮ ಪಡಸಾಲೆಯಲ್ಲಿ ಹದಿನೈದು ದಿನಕ್ಕೆ ಕಡಿಮೆ ಓಡುತ್ತಿರಲಿಲ್ಲ.

ಪ್ರವೇಶ ಪುಕ್ಕಟೆ ಅಲ್ಲ. ಕೋಲಾರದ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಮನೆಮನೆಯಲ್ಲೂ ಅವರೆಕಾಯಿ ರಾಶಿ. ಕಾಯಿ ಸುಲಿದು, ಕಾಳನ್ನು ನೀರಲ್ಲಿ ನೆನೆಹಾಕಿ, ಸಿಪ್ಪೆ ಸಡಿಲವಾದ ಮೇಲೆ ಒಂದೊಂದನ್ನೇ ಎರಡು ಬೆರಳ ನಡುವೆ ಹಿಡಿದು ಹಿತುಕಬೇಕು. ಒಳಗಿನ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಹತ್ತು ಜನರ ಮನೆಗೆ ಹಿತಕಿದ ಬೇಳೆ ಸಾರಾಗಬೇಕಾದರೆ ಒಂದು ಸಂಜೆ ಪೂರ್ತಿ ಇದೇ ಕೆಲಸ. ಅತ್ತೆಯ ಲೆಕ್ಕ ಸರಳವಾಗಿತ್ತು: ತಲೆಗೊಂದು ಮೊರ ಕಾಳು, ಅಷ್ಟಕ್ಕೆ ಒಂದು ಸಿನಿಮಾ. ಮೊರ ಖಾಲಿಯಾಗುವ ಮೊದಲು ಕಥೆ ಮುಗಿಯುತ್ತಿರಲಿಲ್ಲ. ಕಥೆ ಮುಗಿಯುವ ಮೊದಲು ಮೊರ ಖಾಲಿಯಾಗುವ ಅಪಾಯ ಕಂಡರೆ ಒಳಗಿನಿಂದ ಇನ್ನೊಂದಿಷ್ಟು ಕಾಳು ಬಂದು ಬೀಳುತ್ತಿತ್ತು, ನಾಯಕನಿಗೂ ಹೊಸದೊಂದು ಕಷ್ಟ ಬರುತ್ತಿತ್ತು.

ಅವರ ಹೇಳುವ ಕ್ರಮದಲ್ಲಿ ಒಂದು ಶಿಸ್ತಿತ್ತು. ಪ್ರೇಮದ ದೃಶ್ಯಗಳನ್ನು ಒಂದೇ ಉಸಿರಿಗೆ ಮುಗಿಸಿಬಿಡುತ್ತಿದ್ದರು. ‘ಇಬ್ಬರೂ ದೋಣೀಲಿ ಕೂತರು, ಒಂದು ಹಾಡಾಯ್ತು, ಇಳಿದರು.’ ಯುದ್ಧಕ್ಕೆ ಅರ್ಧ ಮೊರ. ಅಳುವ ದೃಶ್ಯ ಬಂದಾಗ ತಾವೇ ಮುಂದಾಗಿ ಸೆರಗಿನಿಂದ ಕಣ್ಣೊತ್ತಿಕೊಂಡು, ನಾವು ಅಳುತ್ತಿದ್ದೇವೋ ಇಲ್ಲವೋ ಎಂದು ಓರೆಗಣ್ಣಿನಿಂದ ನೋಡುತ್ತಿದ್ದರು. ಊಟದ ದೃಶ್ಯಕ್ಕೆ ಮಾತ್ರ ಅವರಲ್ಲಿ ಮಿತಿ ಎಂಬುದೇ ಇರಲಿಲ್ಲ. ಹಾಗಾಗಿ ಅವರ ಎಲ್ಲ ಸಿನಿಮಾಗಳಲ್ಲಿ ಅತ್ಯಂತ ಹೆಚ್ಚು ದಿನ ಓಡಿದ್ದು ‘ಮಾಯಾಬಜಾರ್’.

ಅದು ತೆಲುಗು ಚಿತ್ರ, 1957ರದ್ದು. ನಮಗೆ ಅದು ಯಾವ ಭಾಷೆ ಎಂಬ ಪ್ರಶ್ನೆ ಏಳಲಿಲ್ಲ. ನಮ್ಮ ಕಡೆ ಸಂತೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಬೈಗುಳಕ್ಕೆ ಎರಡೂ. ಅತ್ತೆ ತೆಲುಗಿನಲ್ಲಿ ನೋಡಿ ಬಂದು ಕನ್ನಡದಲ್ಲಿ ಹೇಳಿದರು. ರೇಗಿದಾಗ ಘಟೋತ್ಕಚ ಮಾತ್ರ ತೆಲುಗಿಗೆ ಹೊರಳುತ್ತಿದ್ದ. ಬಲರಾಮನ ಮಗಳು ಶಶಿರೇಖೆಯನ್ನು ಸುಭದ್ರೆಯ ಮಗ ಅಭಿಮನ್ಯುವಿಗೆ ಕೊಡುವುದೆಂದು ಮೊದಲೇ ಮಾತಾಗಿತ್ತು. ಪಾಂಡವರು ಜೂಜಿನಲ್ಲಿ ಕಳೆದುಕೊಂಡು ಬೀದಿಗೆ ಬಿದ್ದ ಮೇಲೆ ಹೆಣ್ಣಿನ ತಾಯಿ ರೇವತಿಯ ಮನಸ್ಸು ತಿರುಗಿತು. ಹುಡುಗಿಯನ್ನು ದುರ್ಯೋಧನನ ಮಗ ಲಕ್ಷ್ಮಣಕುಮಾರನಿಗೆ ಕೊಡಲು ಹೊರಟರು. (‘ಆಸ್ತಿ ಹೋದ ಮೇಲೆ ಸಂಬಂಧ ಯಾರಿಗೆ ಬೇಕು?’ ಎಂದು ಅತ್ತೆ ಇಲ್ಲಿ ತಪ್ಪದೆ ನಮ್ಮಮ್ಮನ ಕಡೆ ನೋಡುತ್ತಿದ್ದರು. ಅದಕ್ಕೆ ಬೇರೆ ಹಿನ್ನೆಲೆ ಇದೆ, ಬಿಡಿ.) ಆಗ ಬಂದ ನೋಡಿ ಭೀಮನ ಮಗ ಘಟೋತ್ಕಚ. ಶಶಿರೇಖೆಯನ್ನು ಮಂಚ ಸಮೇತ ಹಾರಿಸಿಕೊಂಡು ಹೋದ, ತಾನೇ ಶಶಿರೇಖೆಯ ವೇಷ ತೊಟ್ಟು ಮದುವೆ ಮನೆಯಲ್ಲಿ ಕೂತ, ಗಂಡಿನ ಕಡೆಯವರಿಗೆಂದು ಒಂದು ಮಾಯದ ಊರನ್ನೇ ಕಟ್ಟಿಸಿದ.

ಇದನ್ನು ಅತ್ತೆ ಆಡಿ ತೋರಿಸುತ್ತಿದ್ದುದನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಸಿನಿಮಾದಲ್ಲಿ ಶಶಿರೇಖೆಯಾದ ಸಾವಿತ್ರಿಯವರು, ಶಶಿರೇಖೆಯಂತೆ ನಟಿಸುತ್ತಿರುವ ಘಟೋತ್ಕಚನಾಗಿ ನಟಿಸುತ್ತಾರೆ. ಅಂದರೆ ಹೆಣ್ಣೊಬ್ಬಳು, ಹೆಣ್ಣಿನ ವೇಷದಲ್ಲಿರುವ ರಾಕ್ಷಸನ ವೇಷದಲ್ಲಿ. ಅದನ್ನು ನಮ್ಮತ್ತೆ, ಮೊಣಕಾಲಿನವರೆಗೆ ಸೀರೆ ಎತ್ತಿ ಕಟ್ಟಿ, ಅವರೆಕಾಳಿನ ನೀರು ತೊಟ್ಟಿಕ್ಕುವ ಕೈಯಲ್ಲೇ ಅಭಿನಯಿಸುತ್ತಿದ್ದರು. ಮದುಮಗಳಂತೆ ತಲೆ ತಗ್ಗಿಸಿ ಕುಲುಕಿ ಎರಡು ಹೆಜ್ಜೆ, ಮೂರನೆಯದು ಧಡ್ ಎಂದು ರಾಕ್ಷಸನ ಹೆಜ್ಜೆ. ಮದುಮಗನ ಕಾಲು ತುಳಿಯುವ ದೃಶ್ಯಕ್ಕೆ ನಮ್ಮಲ್ಲೇ ಒಬ್ಬನ ಕಾಲು ಬೇಕಾಗುತ್ತಿತ್ತು. ನಾನು ಎಲ್ಲರಿಗಿಂತ ಚಿಕ್ಕವನು. ಸಿನಿಮಾದಲ್ಲಿ ಮದುಮಗ ಲಕ್ಷ್ಮಣಕುಮಾರನಾದ ರೇಲಂಗಿಯವರು ಎಷ್ಟು ಚೆನ್ನಾಗಿ ನೋವು ಪಟ್ಟಿದ್ದಾರೆ ಎಂದು ಜನ ಹೊಗಳುವಾಗೆಲ್ಲ ನನಗೆ ಸಣ್ಣ ಅಸೂಯೆಯಾಗುತ್ತದೆ. ಅವರಿಗೆ ಸಂಭಾವನೆ ಇತ್ತು.

ಅಡುಗೆಮನೆಯ ದೃಶ್ಯಕ್ಕೆ ಬರೋಣ. ಮದುವೆಗೆಂದು ಮಾಡಿಟ್ಟ ಭಕ್ಷ್ಯಗಳ ಮುಂದೆ ಘಟೋತ್ಕಚ ಕೂತ. ಬೆಳೆಯುತ್ತಾ ಹೋದ. ಲಡ್ಡುಗಳು ತಾವಾಗಿಯೇ ತಟ್ಟೆಯಿಂದೆದ್ದು ಅವನ ಬಾಯಿಗೆ ಹಾರಿದವು. ಅತ್ತೆ ಒಂದು ಅವರೆಕಾಳನ್ನು ಬಾಯಿಯ ನೇರಕ್ಕೆ ಹಿಡಿದು ಹಿತುಕುತ್ತಿದ್ದರು. ಬೇಳೆ ಗುರಿ ತಪ್ಪದೆ ಒಳಗೆ. ನಾವು ಬಾಯಿ ತೆರೆದು ಕೂತರೆ ನಮ್ಮ ಬಾಯಿಗೂ ಒಂದೊಂದು. ಲಡ್ಡು ಆಯಿತು, ಅನ್ನ ಆಯಿತು, ಪಾತ್ರೆಗಳು ಬರಿದಾದವು. ಆಮೇಲೆ ಬರುತ್ತಿತ್ತು ಇಡೀ ಕಥೆಯ ಕಳಶ. ಅಷ್ಟು ತಿಂದ ಘಟೋತ್ಕಚ ಕೈ ತೊಳೆಯಲು ಎದ್ದ. ಬಚ್ಚಲ ಹಂಡೆಯ ನೀರು ಅವನ ಕಿರುಬೆರಳಿಗೂ ಸಾಲದು. ಊರಾಚೆಯ ಕೆರೆಗೆ ನಡೆದ, ಕೈ ಅದ್ದಿದ, ಕೆರೆ ಬತ್ತಿಹೋಯಿತು! ತಳದಲ್ಲಿ ಮೀನುಗಳು ಪಿಳಿಪಿಳಿ ಕಣ್ಣು ಬಿಡುತ್ತಿದ್ದವು. ಅವನಿಗೆ ಅಯ್ಯೋ ಅನ್ನಿಸಿತು. ಬಾಯಿ ಮುಕ್ಕಳಿಸಲೆಂದು ತುಂಬಿಕೊಂಡಿದ್ದ ನೀರನ್ನು ವಾಪಸು ಉಗುಳಿದ, ಕೆರೆ ಕೋಡಿ ಹರಿಯಿತು.

‘ನಮ್ಮೂರ ಕೆರೆ ಬತ್ತಿದ್ದೂ ಹಂಗೇನಾ ಅತ್ತೆ?’ ಎಂದು ನಾವು ಕೇಳುತ್ತಿದ್ದೆವು.

‘ಇನ್ನೇನು ಮತ್ತೆ. ಇಲ್ಲಿ ಉಗುಳೋದು ಮರೆತ.’

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮ ಪಕ್ಕದ ಊರಿನ ಟೆಂಟಿಗೆ ‘ಮಾಯಾಬಜಾರ್’ ಬಂತು. ಟೆಂಟ್ ಸಿನಿಮಾ ಕಾಣದವರಿಗೆ ಎರಡು ಮಾತು. ಸುತ್ತ ತಗಡಿನ ತಡಿಕೆ, ಮೇಲೆ ತೇಪೆ ಹಾಕಿದ ಟೆಂಟಿನ ಬಟ್ಟೆ, ಒಳಗೆ ಮರಳು. ಮುಂದೆ ನೆಲ, ಅದರ ಹಿಂದೆ ಬೆಂಚು, ಕೊನೆಗೆ ಕುರ್ಚಿ. ಘಂಟಸಾಲರ ‘ನಮೋ ವೆಂಕಟೇಶ’ ಮೈಕಿನಲ್ಲಿ ಕೇಳಿದರೆ ಟಿಕೆಟ್ಟು ಕೊಡಲು ಶುರು ಎಂದರ್ಥ, ಎರಡು ಮೈಲಿ ಆಚೆಯ ಹೊಲದಲ್ಲಿದ್ದವರು ಕೈಕಾಲು ತೊಳೆದುಕೊಂಡು ಓಡಿ ಬರಬೇಕು. ನೆಲದಲ್ಲಿ ಕೂತವರು ಮೊದಲು ಮರಳನ್ನು ಗುಡ್ಡೆ ಮಾಡಿ ಸ್ವಂತ ಸಿಂಹಾಸನ ಕಟ್ಟಿಕೊಳ್ಳುತ್ತಿದ್ದರು, ಹಿಂದಿನವರು ಅದನ್ನು ಕಾಲಿನಿಂದ ಒಡೆಯುತ್ತಿದ್ದರು. ಪ್ರೊಜೆಕ್ಟರ್ ಒಂದೇ. ಒಂದೊಂದು ರೀಲು ಮುಗಿದಾಗಲೂ ದೀಪ ಹತ್ತುತ್ತಿತ್ತು, ಕಡ್ಲೆಕಾಯಿ ಮಾರುವವನು ಹಾಯುತ್ತಿದ್ದ.

ಸಿನಿಮಾ ಶುರುವಾದ ಐದೇ ನಿಮಿಷಕ್ಕೆ ನನಗೆ ಅಳು ಬಂತು. ಬಣ್ಣವೇ ಇಲ್ಲ! ಅತ್ತೆ ಹೇಳಿದ ಶಶಿರೇಖೆ ಗಿಳಿಹಸಿರು ಸೀರೆ ಉಟ್ಟು ಕೆಂಪು ರವಿಕೆ ತೊಟ್ಟಿದ್ದಳು. ಘಟೋತ್ಕಚನ ಮೈ ಮಳೆಗಾಲದ ಮೋಡದ ಬಣ್ಣ, ಲಡ್ಡು ಕೇಸರಿ. ಇಲ್ಲಿ ಎಲ್ಲರೂ ಬೂದಿ ಮೆತ್ತಿಕೊಂಡವರಂತೆ ಓಡಾಡುತ್ತಿದ್ದರು. ಭೀಮ ಬರಲೇ ಇಲ್ಲ. ಅತ್ತೆಯ ಕಥೆಯಲ್ಲಿ ಮಗನಿಗೆ ಬೆನ್ನು ತಟ್ಟಿ ಕಳಿಸುವ ಭೀಮನದು ಗಟ್ಟಿ ಪಾತ್ರ. ಬೆಳ್ಳಿತೆರೆಯಲ್ಲಿ ಭೀಮನಿರಲಿ, ಐವರು ಪಾಂಡವರಲ್ಲಿ ಒಬ್ಬರೂ ಕಾಣಿಸಲಿಲ್ಲ. ಮಹಾಭಾರತದ ಸಿನಿಮಾ ತೆಗೆದು ಪಾಂಡವರನ್ನೇ ತೋರಿಸದ ಧೈರ್ಯ ಎಂಥದು ಎಂದು ಇವತ್ತು ತಲೆದೂಗುತ್ತೇನೆ. ಅವತ್ತು ಮೋಸ ಹೋದೆ ಅನ್ನಿಸಿತ್ತು.

ಆದರೂ ಘಟೋತ್ಕಚನಾಗಿ ಎಸ್.ವಿ. ರಂಗರಾವ್ ಬಂದಾಗ ಎದೆ ನಡುಗಿತು. ಲಡ್ಡು ಹಾರಿದಾಗ ಇಡೀ ನೆಲ ಎದ್ದು ನಿಂತಿತು. ನಾನು ಪಕ್ಕದವನ ತೊಡೆ ಹಿಂಡಿ, ‘ಈಗ ಕೆರೆಗೆ ಹೋಗ್ತಾನೆ ನೋಡು’ ಎಂದೆ. ಹೋಗಲಿಲ್ಲ. ಘಟೋತ್ಕಚ ಕೈ ತೊಳೆಯಲೇ ಇಲ್ಲ. ಎಂಜಲು ಕೈಯಲ್ಲೇ ಕಥೆ ಮುಂದಕ್ಕೆ ಹೋಗಿಬಿಟ್ಟಿತು.

ಮನೆಗೆ ಬಂದು ಅತ್ತೆಯ ಮೇಲೆ ಜಗಳಕ್ಕೆ ಹೋದೆ. ಅವರು ಒಂದು ಕ್ಷಣವೂ ತಬ್ಬಿಬ್ಬಾಗಲಿಲ್ಲ. ‘ಆ ರೀಲು ಕಟ್ ಮಾಡಿರ್ತಾರೆ ಕಣೋ. ಲಾಸ್ಟ್ ಬಸ್ಸಿಗೆ ಹೊತ್ತಾಗಿತ್ತೇನೋ’ ಎಂದರು.

ಈ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ಹಳ್ಳಿಯ ಟೆಂಟಿಗೆ ಬರುವ ಹೊತ್ತಿಗೆ ಪ್ರಿಂಟು ಹತ್ತಾರು ಊರು ಸುತ್ತಿ ಸವೆದು, ಹರಿದಲ್ಲೆಲ್ಲ ಕತ್ತರಿಸಿ ಅಂಟಿಸಿಕೊಂಡು ಬಂದಿರುತ್ತಿತ್ತು. ಆಪರೇಟರಿಗೆ ಆತುರವಾದರೆ ಒಂದು ರೀಲು ಡಬ್ಬಿಯಲ್ಲೇ ಉಳಿಯುವುದೂ ಇತ್ತು. ಸತ್ತ ನಾಯಕನ ತಾಯಿ ಮುಂದಿನ ದೃಶ್ಯದಲ್ಲಿ ಮಗನಿಗೆ ಮುದ್ದೆ ಬಡಿಸುವುದನ್ನು ನಾವು ನೋಡಿದ್ದೆವು. ನಡುವೆ ಏನಾಯಿತೆಂದು ಊರಿಗೆ ನಡೆದು ಬರುವ ದಾರಿಯಲ್ಲಿ ನಾವೇ ಕಟ್ಟಿಕೊಳ್ಳುತ್ತಿದ್ದೆವು. ಹಾಗೆ ಕಟ್ಟಿ ಅಭ್ಯಾಸವಾದ ಮೇಲೆ ರೀಲು ಪೂರ್ತಿ ಇದ್ದ ಸಿನಿಮಾದಲ್ಲೇ ಏನೋ ಕೊರತೆ ಅನ್ನಿಸುತ್ತಿತ್ತು.

ಕತ್ತರಿಸಿ ಎಸೆದ ಆ ತುಂಡುಗಳೇ ನಮ್ಮ ಬಂಡವಾಳ. ಬೆಳಿಗ್ಗೆ ಎದ್ದು ಟೆಂಟಿನ ಹಿಂದೆ ಹೋದರೆ ಫಿಲಂ ತುಂಡುಗಳೂ ಸುಟ್ಟುಳಿದ ಕಾರ್ಬನ್ ಕಡ್ಡಿಯ ಚೂರುಗಳೂ ಸಿಗುತ್ತಿದ್ದವು. ಹಾಳಾದ ಬಲ್ಬೊಂದರ ಬುಡ ಬಿಚ್ಚಿ, ಒಳಗಿನದ್ದನ್ನೆಲ್ಲ ಹುಷಾರಾಗಿ ತೆಗೆದು, ನೀರು ತುಂಬಿಸಿದರೆ ಲೆನ್ಸು ತಯಾರು. ಅದನ್ನು ರಟ್ಟಿನ ಡಬ್ಬಿಯ ಒಂದು ತೂತಿಗೆ ಕೂರಿಸಿ, ಹಿಂದಿನ ಸೀಳಿಗೆ ಫಿಲಂ ತುಂಡು ಸಿಕ್ಕಿಸಿ, ಕತ್ತಲೆ ಕೋಣೆಯ ಕಿಟಕಿ ಸಂದಿಯಿಂದ ಕನ್ನಡಿಯಲ್ಲಿ ಬಿಸಿಲು ಹಿಡಿದು ಒಳಗೆ ಬಿಟ್ಟರೆ ತಾತನ ಪಂಚೆಯ ಮೇಲೆ ರಾಜ್‌ಕುಮಾರ್ ಮೂಡುತ್ತಿದ್ದರು. ತಲೆಕೆಳಗಾಗಿ. ಫಿಲಂ ತಿರುಗಿಸಿ ಹಾಕಬೇಕೆಂದು ತಿಳಿಯಲು ನಮಗೆ ಒಂದು ವಾರ ಹಿಡಿಯಿತು. ಅಷ್ಟು ದಿನ ನೋಡುವವರೇ ಬಗ್ಗಿ ಕಾಲಸಂದಿಯಿಂದ ನೋಡುತ್ತಿದ್ದರು. ಕನ್ನಡಿಯೂ ತಾತನದೇ, ಗಡ್ಡ ಕೆರೆಯುವ ಕನ್ನಡಿ. ಹಾಗಾಗಿ ಬೆಳಿಗ್ಗೆ ಆಟ ಇರುತ್ತಿರಲಿಲ್ಲ, ಮ್ಯಾಟಿನಿ ಮಾತ್ರ.

ಕಷ್ಟ ಏನೆಂದರೆ ಚಿತ್ರ ಅಲ್ಲಾಡುತ್ತಿರಲಿಲ್ಲ. ಮೇಲಾಗಿ ಒಂದು ತುಂಡು ಒಂದು ಸಿನಿಮಾದ್ದು, ಇನ್ನೊಂದು ಇನ್ನೊಂದರದು. ರಾಜ್‌ಕುಮಾರ್ ಕತ್ತಿ ಹಿಡಿದ ಒಂದು ಚೌಕ, ನರಸಿಂಹರಾಜು ಹಲ್ಲು ಬಿಟ್ಟ ಒಂದು ಚೌಕ, ಒಂದು ಅಂಬಾಸಡರ್ ಕಾರು, ಒಂದು ಹಾವು, ಯಾರೋ ಬೆನ್ನು ತಿರುಗಿಸಿ ನಿಂತ ಹೆಂಗಸು. ಇವನ್ನು ಒಂದರ ಹಿಂದೊಂದು ತೋರಿಸುತ್ತ ಕಥೆ ಹೇಳಬೇಕು. ಕತ್ತಿಯ ರಾಜನ ಪಕ್ಕ ಕಾರು ಹೇಗೆ ಬಂತು ಎಂಬುದಕ್ಕೆ ಉತ್ತರ ಇಟ್ಟುಕೊಂಡಿರಬೇಕು, ಇಲ್ಲದಿದ್ದರೆ ಪ್ರೇಕ್ಷಕರು ಕೊಟ್ಟ ಹುಣಸೆಹಣ್ಣು ವಾಪಸು ಕೇಳುತ್ತಾರೆ. ನಾವು ಕಂಡುಕೊಂಡ ಗುಟ್ಟು ಇಷ್ಟು: ಹಲ್ಲು ಬಿಟ್ಟ ನರಸಿಂಹರಾಜು ಆದ ಮೇಲೆ ಹಾವು ತೋರಿಸಿದರೆ ಜನ ನಗುತ್ತಾರೆ, ಹಾವನ್ನು ಮೊದಲು ತೋರಿಸಿ ಆಮೇಲೆ ಅದೇ ಹಲ್ಲು ತೋರಿಸಿದರೆ ಪಾಪ ಅನ್ನುತ್ತಾರೆ.

ಕಾಲೇಜಿಗೆ ಬಂದ ಮೇಲೆ ಫಿಲಂ ಸೊಸೈಟಿಯವರ ಒಂದು ಭಾಷಣದಲ್ಲಿ ಲೆವ್ ಕುಲೆಶೊವ್ ಹೆಸರು ಕೇಳಿದೆ. ರಷ್ಯಾದ ಈ ಮಹಾಶಯ ಒಬ್ಬ ನಟನ ಭಾವನೆಯಿಲ್ಲದ ಒಂದೇ ಮುಖವನ್ನು ಸೂಪಿನ ಬಟ್ಟಲಿನ ಪಕ್ಕ, ಶವಪೆಟ್ಟಿಗೆಯ ಪಕ್ಕ, ಹೀಗೆ ಬೇರೆ ಬೇರೆ ಚಿತ್ರಗಳ ಪಕ್ಕ ಜೋಡಿಸಿ ತೋರಿಸಿದನಂತೆ. ನೋಡಿದವರು ಅದೇ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ ಕಂಡು ನಟನನ್ನು ಹೊಗಳಿದರಂತೆ. ಇಡೀ ಸಭೆ ವಿಸ್ಮಯದಿಂದ ಕೇಳುತ್ತಿತ್ತು. ನಾನು ಮಾತ್ರ ತಾತನ ಪಂಚೆಯನ್ನು ನೆನೆದು ಸುಮ್ಮನೆ ಕೂತಿದ್ದೆ. ಎದ್ದು ನಿಂತು ಹೇಳುವ ಧೈರ್ಯ ಬರಲಿಲ್ಲ.

ಅದೇ ಸೊಸೈಟಿಯಲ್ಲಿ ಫ್ರಾನ್ಸಿನ ಜಾರ್ಜ್ ಮೆಲಿಯೆ 1902ರಲ್ಲಿ ಮಾಡಿದ ಚಂದ್ರಲೋಕದ ಚಿತ್ರ ನೋಡಿದೆ. ಮುಖವಿರುವ ಚಂದ್ರನ ಕಣ್ಣಿಗೆ ಗುಂಡು ಹೋಗಿ ನಾಟಿಕೊಳ್ಳುತ್ತದೆ. ಮೆಲಿಯೆ ಮೊದಲು ಜಾದೂಗಾರ. ಪ್ಯಾರಿಸಿನ ಬೀದಿಯಲ್ಲಿ ಚಿತ್ರ ತೆಗೆಯುವಾಗ ಕ್ಯಾಮೆರಾ ಒಂದು ಗಳಿಗೆ ಸಿಕ್ಕಿಕೊಂಡಿತಂತೆ. ಸರಿಮಾಡಿ ಮತ್ತೆ ತಿರುಗಿಸಿ, ಆಮೇಲೆ ತೆರೆಯ ಮೇಲೆ ನೋಡಿದರೆ ಹೋಗುತ್ತಿದ್ದ ಬಸ್ಸು ಇದ್ದಕ್ಕಿದ್ದಂತೆ ಹೆಣದ ಗಾಡಿಯಾಗಿಬಿಟ್ಟಿತ್ತು! ತೆರೆಯ ಮೇಲೆ ಒಂದನ್ನು ಇನ್ನೊಂದಾಗಿಸುವ ತಂತ್ರ ತನಗೆ ಸಿಕ್ಕಿದ್ದು ಆ ಕೆಟ್ಟ ಕ್ಯಾಮೆರಾದಿಂದ ಎಂದು ಮೆಲಿಯೆಯೇ ಹೇಳಿಕೊಂಡಿದ್ದಾನೆ. ಬೇರೆ ಯಾವುದೂ ಸಿಗದೆ ಹೆಣದ ಗಾಡಿಯೇ ಆ ಕ್ಷಣಕ್ಕೆ ಅಲ್ಲಿಗೆ ಬಂದದ್ದು ನೋಡಿದರೆ, ಅವನೂ ನಮ್ಮತ್ತೆಯ ಹಾಗೆ ಕಥೆಗೆ ಕೊಂಚ ಒಗ್ಗರಣೆ ಹಾಕಿರಬೇಕೆಂದು ನನ್ನ ಗುಮಾನಿ. ಕೊನೆಗಾಲದಲ್ಲಿ ಅವನು ಮೊಂಪಾರ್ನಾಸ್ ರೈಲು ನಿಲ್ದಾಣದಲ್ಲಿ ಆಟಿಕೆ ಅಂಗಡಿ ಇಟ್ಟುಕೊಂಡಿದ್ದ. ಅವನ ಎಷ್ಟೋ ಫಿಲಂಗಳು ಕರಗಿ ಸೈನಿಕರ ಬೂಟಿನ ಹಿಮ್ಮಡಿಯಾದವು. ಟೆಂಟಿನ ಹಿಂದೆ ಬಿದ್ದ ತುಂಡುಗಳಿಗೆ ಅದಕ್ಕಿಂತ ಒಳ್ಳೆಯ ಗತಿ ಕಾಣಿಸಿದೆವಲ್ಲ ಎಂಬ ಹೆಮ್ಮೆ ನನಗಿದೆ.

ನಮ್ಮವರೇ ಆದ ಫಾಲ್ಕೆಯವರನ್ನು ಬಿಟ್ಟರೆ ತಪ್ಪಾದೀತು. 1913ರ ‘ರಾಜಾ ಹರಿಶ್ಚಂದ್ರ’ಕ್ಕೆ ಮೊದಲು ಅವರು ಒಂದು ಕುಂಡದಲ್ಲಿ ಬಟಾಣಿ ಬಿತ್ತಿ, ಅದು ಮೊಳೆತು ಗಿಡವಾಗುವುದನ್ನು ತಿಂಗಳಿಗೂ ಮೀರಿ ದಿನಾ ಇಷ್ಟಿಷ್ಟೇ ಚಿತ್ರ ತೆಗೆದರು. ಒಂದು ನಿಮಿಷದ ಆ ತುಣುಕು ತೋರಿಸಿಯೇ ಸಿನಿಮಾಕ್ಕೆ ದುಡ್ಡು ಎತ್ತಿದರು. ಭಾರತೀಯ ಚಿತ್ರರಂಗದ ಮೂಲದಲ್ಲಿ ಒಂದು ಬಟಾಣಿ ಕಾಳಿದೆ ಎಂದು ತಿಳಿದಾಗ ಅವರೆಕಾಳಿನ ಮನೆಯಿಂದ ಬಂದ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಹೆಣ್ಣು ಪಾತ್ರಕ್ಕೆ ಹೆಂಗಸರು ಒಪ್ಪದೆ, ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ಹುಡುಗನನ್ನು ಕರೆತಂದು ತಾರಾಮತಿ ಮಾಡಿದರು. 1917ರ ‘ಲಂಕಾ ದಹನ’ದಲ್ಲಿ ಇದೇ ಸಾಳುಂಕೆ ರಾಮನೂ ಹೌದು, ಸೀತೆಯೂ ಹೌದು. ರಾಮ ಕಾಡಿನಲ್ಲಿ ಸೀತೆಯನ್ನು ಹುಡುಕುತ್ತಿರುವಾಗ ಆ ಮನುಷ್ಯ ನಿಜಕ್ಕೂ ಹುಡುಕುತ್ತಿದ್ದದ್ದು ತನ್ನನ್ನೇ. ವೇದಾಂತಿಗಳು ಇದಕ್ಕೆ ಭಾಷ್ಯ ಬರೆಯಬಹುದು. ಆಗಿನ ಜನ ಮಾತ್ರ ಕೈಮುಗಿದು ನೋಡಿದರು.

ಒಬ್ಬರೇ ಇಬ್ಬರಾಗುವ ವಿಷಯ ಬಂದಿತಲ್ಲ, ‘ಬಭ್ರುವಾಹನ’ (1977) ಬಂದಾಗ ನಮ್ಮೂರಲ್ಲಿ ಎದ್ದ ವಾದ ನೆನಪಾಯಿತು. ಅರ್ಜುನನೂ ರಾಜ್‌ಕುಮಾರ್, ಅವನೆದುರು ತೊಡೆ ತಟ್ಟುವ ಮಗನೂ ರಾಜ್‌ಕುಮಾರ್. ಅಣ್ಣಾವ್ರಿಗೆ ಗುಟ್ಟಾಗಿ ಒಬ್ಬ ಅವಳಿ ತಮ್ಮ ಇದ್ದಾನೆ, ಇಂಥ ಸಿನಿಮಾಕ್ಕೆ ಮಾತ್ರ ಹೊರಗೆ ಬಿಡುತ್ತಾರೆ ಎಂದು ಒಂದು ಪಕ್ಷ. ಟೆಂಟಿನ ಆಪರೇಟರ್ ಬೀಡಿ ಸೇದುತ್ತ ನಮಗೆ ಗುಟ್ಟು ಬಿಡಿಸಿದ. ಲೆನ್ಸಿನ ಅರ್ಧ ಮುಚ್ಚಿ ಅಪ್ಪನನ್ನು ತೆಗೆಯುವುದು, ಫಿಲಂ ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಮಗನನ್ನು ತೆಗೆಯುವುದು. ನಡುವೆ ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ನಾವು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ ಪ್ರಯೋಗ ಮಾಡಿದೆವು. ಆಮೇಲೆ ಮತ್ತೆ ಸಿನಿಮಾ ನೋಡಿದಾಗ ನಡುಗೆರೆ ಹುಡುಕಲು ಹೊರಟ ನಾನು ಅಪ್ಪಮಗನ ಜಗಳ ಜೋರಾಗುತ್ತಿದ್ದಂತೆ ಅದನ್ನು ಮರೆತೆ. ಗುಟ್ಟು ಗೊತ್ತಾದ ಮೇಲೂ ಮರೆಸುವುದಿದೆಯಲ್ಲ, ಅದು ಲೆನ್ಸಿನ ಕೆಲಸ ಅಲ್ಲ.

ಅತ್ತೆಯ ಕೆರೆಯ ವಿಷಯ ನನ್ನನ್ನು ಬಿಡಲಿಲ್ಲ. ವಿಡಿಯೋ ಕ್ಯಾಸೆಟ್ಟಿನ ಕಾಲದಲ್ಲಿ ಬಾಡಿಗೆಗೆ ತಂದು ನೋಡಿದೆ. ಟಿವಿಯಲ್ಲಿ ಬಂದಾಗ ನೋಡಿದೆ. ಸಿ.ಡಿ. ಕೊಂಡೆ. ಪ್ರತಿ ಸಲವೂ ಘಟೋತ್ಕಚ ಎಂಜಲು ಕೈಯಲ್ಲೇ ಏಳುತ್ತಿದ್ದ. ಈ ಹುಡುಕಾಟದ ಲಾಭವೆಂದರೆ ಸಿನಿಮಾ ಬಾಯಿಪಾಠವಾದದ್ದು. ಅತ್ತೆ ಒಂದು ಸಾಲಿನಲ್ಲಿ ಮುಗಿಸುತ್ತಿದ್ದ ಆ ದೋಣಿಯ ಹಾಡು, ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ ಸೃಷ್ಟಿಸಿದ ಬೆಳದಿಂಗಳಿಗಾಗಿ ಪ್ರಸಿದ್ಧ ಎಂದು ಬಹಳ ತಡವಾಗಿ ತಿಳಿಯಿತು. ಕೆ.ವಿ. ರೆಡ್ಡಿಯವರ ನಿರ್ದೇಶನದಲ್ಲಿ ವಸ್ತುಗಳಿಗೂ ಪಾತ್ರವಿದೆ. ಪ್ರಿಯದರ್ಶಿನಿ ಎಂಬ ಪೆಟ್ಟಿಗೆಯ ಮುಚ್ಚಳ ತೆರೆದರೆ ಯಾರಿಗೆ ಯಾವುದು ಹೆಚ್ಚು ಪ್ರಿಯವೋ ಅದೇ ಕಾಣುತ್ತದೆ: ಶಶಿರೇಖೆಗೆ ಅಭಿಮನ್ಯು, ಬಲರಾಮನಿಗೆ ಶಿಷ್ಯ ದುರ್ಯೋಧನ, ರೇವತಿಗೆ ಒಡವೆ. (ಅತ್ತೆಯ ಪ್ರಕಾರ ನಮ್ಮ ತಾತ ನೋಡಿದ್ದರೆ ನಶ್ಯದ ಡಬ್ಬಿ ಕಾಣುತ್ತಿತ್ತು.) ಮಲಗಿದವರನ್ನು ಗಿರಗಿರನೆ ಸುತ್ತಿಸುವ ಮಂಚ, ತಾನಾಗಿ ಸುರುಳಿ ಸುತ್ತುವ ಕಂಬಳಿ, ಮೇಲೆ ನಿಂತವನ ಬಾಯಿಂದ ನಿಜ ಹೊರಡಿಸುವ ಸತ್ಯಪೀಠ. ಶಕುನಿ ಅದರ ಮೇಲೆ ನಿಂತು ತನ್ನ ಕುತಂತ್ರವನ್ನೆಲ್ಲ ಕಾರಿಕೊಳ್ಳುವಾಗ ಟೆಂಟಿನಲ್ಲಿ ಬಿದ್ದ ಶಿಳ್ಳೆ ನನ್ನ ಕಿವಿಯಲ್ಲಿದೆ. ಸಂಭಾಷಣೆ ಬರೆದ ಪಿಂಗಳಿ ನಾಗೇಂದ್ರರಾವ್ ಇಲ್ಲದ ಶಬ್ದಗಳನ್ನು ಹುಟ್ಟಿಸಿ ರಾಕ್ಷಸರ ಬಾಯಲ್ಲಿ ಆಡಿಸಿದರು. ಅಂಥ ಮಾತು ಎಲ್ಲಾದರೂ ಇದೆಯೇ ಎಂಬ ಆಕ್ಷೇಪಕ್ಕೆ, ಯಾರಾದರೂ ಹುಟ್ಟಿಸದೆ ಮಾತು ಹುಟ್ಟುವುದು ಹೇಗೆ ಎಂದು ಘಟೋತ್ಕಚನೇ ಸಮರ್ಥನೆಗೆ ನಿಲ್ಲುತ್ತಾನೆ.

ಇದೆಲ್ಲ ಎಲ್ಲಿಂದ ಬಂತು ಎಂದು ನೋಡಲು ಹೋದಾಗ ಇನ್ನೊಂದು ಸಂಗತಿ ಸಿಕ್ಕಿತು. ಈ ಸಿನಿಮಾದ ನಿರ್ಮಾಪಕರು ನಾಗಿರೆಡ್ಡಿ ಮತ್ತು ಚಕ್ರಪಾಣಿ. 1947ರಲ್ಲಿ ‘ಚಂದಮಾಮ’ ಶುರುಮಾಡಿದವರೂ ಅವರೇ! ಬೆನ್ನ ಮೇಲೆ ಬೇತಾಳ ಹೊತ್ತ ವಿಕ್ರಮನ ಚಿತ್ರ ನೋಡಲು ನಾವು ಪುಸ್ತಕಕ್ಕಾಗಿ ಕಿತ್ತಾಡುತ್ತಿದ್ದೆವಲ್ಲ, ಆ ಮನೆಯವರೇ ಈ ಲಡ್ಡುಗಳನ್ನೂ ಹಾರಿಸಿದ್ದು. ನನ್ನ ಬಾಲ್ಯದ ಮುಕ್ಕಾಲು ಪಾಲನ್ನು ಮದರಾಸಿನ ಇಬ್ಬರು ಗುತ್ತಿಗೆ ಹಿಡಿದಿದ್ದರು ಎಂದಾಯಿತು. ಉಳಿದ ಕಾಲು ಅತ್ತೆಯದು.

ಅದಕ್ಕಿಂತ ದೊಡ್ಡ ಆಘಾತ ಮುಂದಿತ್ತು. ಹಠ ಹಿಡಿದು ಮೂಲಕ್ಕೇ ಹೋದೆ. ವ್ಯಾಸ ಭಾರತದಲ್ಲಿ ಶಶಿರೇಖೆಯೇ ಇಲ್ಲ! ಅಲ್ಲಿ ಅಭಿಮನ್ಯುವಿನ ಹೆಂಡತಿ ವಿರಾಟನ ಮಗಳು ಉತ್ತರೆ, ಅವಳೊಬ್ಬಳೇ. ಬಲರಾಮ ಮಗಳನ್ನು ಕೊಡಲು ಒಪ್ಪಿಯೂ ಇಲ್ಲ, ಮಾತಿಗೆ ತಪ್ಪಿಯೂ ಇಲ್ಲ. ಹಾಗಾದರೆ ಈ ಹುಡುಗಿ ಎಲ್ಲಿಂದ ಬಂದಳು? ಜನರ ಬಾಯಿಂದ. ತೆಲುಗು ರಂಗಭೂಮಿಯಲ್ಲಿ ಅವಳು ಶಶಿರೇಖೆ. ನಮ್ಮ ಯಕ್ಷಗಾನದಲ್ಲಿ ಅವಳೇ ಕನಕಾಂಗಿ. ‘ಕನಕಾಂಗಿ ಕಲ್ಯಾಣ’ ಎಂದು ಕರಾವಳಿಯಲ್ಲಿ ಇವತ್ತಿಗೂ ರಾತ್ರಿಯಿಡೀ ಮದುವೆ ಮಾಡಿಸುತ್ತಾರೆ. ಯಾವುದೋ ಕಾಲದಲ್ಲಿ, ಯಾವುದೋ ಊರಲ್ಲಿ, ಯಾರದೋ ಸೋದರತ್ತೆ ಏನನ್ನೋ ಸುಲಿಯುತ್ತಲೋ ಬೀಸುತ್ತಲೋ ಭಾರತದ ಕಥೆ ಹೇಳುತ್ತಿದ್ದಾಗ ಕೆಲಸ ಇನ್ನೂ ಉಳಿದಿತ್ತು, ಕಥೆ ಮುಗಿಯುತ್ತ ಬಂದಿತ್ತು. ಆಕೆ ಬಲರಾಮನಿಗೆ ಒಬ್ಬ ಮಗಳನ್ನು ಹುಟ್ಟಿಸಿಬಿಟ್ಟಳು. ಹಾಗೆಂದು ನನ್ನ ನಂಬಿಕೆ. ವ್ಯಾಸರು ಬರೆಯದ ಮದುವೆಗೆ ಇಷ್ಟು ಜನ ಅಡುಗೆ ಮಾಡಿ ಬಡಿಸಿರುವಾಗ, ಕೈ ತೊಳೆಯಲು ನೀರು ಕೊಟ್ಟ ನಮ್ಮತ್ತೆಯೊಬ್ಬರನ್ನೇ ಹಿಡಿದು ದಬಾಯಿಸಿದ್ದು ನ್ಯಾಯವಲ್ಲ ಅನ್ನಿಸಿತು.

ಈಗಿನ ಸಿನಿಮಾ ಸಪ್ಪೆ, ಎಲ್ಲ ಕಂಪ್ಯೂಟರ್ ಮಾಯೆ ಎಂದು ನನ್ನ ವಯಸ್ಸಿನವರು ಗೊಣಗುತ್ತಾರೆ. ನಾನೂ ಗೊಣಗಿದ್ದೇನೆ. ಆದರೆ ಈ ಮಾತು ಪೂರ್ತಿ ನಿಜವಲ್ಲ. ಸಿಂಗೀತಂ ಶ್ರೀನಿವಾಸರಾವ್ ಅವರ ‘ಪುಷ್ಪಕ ವಿಮಾನ’ದಲ್ಲಿ (1987) ಹಾರುವ ಮಂಚವೂ ಇಲ್ಲ, ಮಾತೂ ಇಲ್ಲ. ನಮ್ಮ ಬೆಂಗಳೂರಿನಲ್ಲೇ ತೆಗೆದದ್ದು. ಟಾಕೀಸಿನ ಪಕ್ಕದ ವಠಾರದಲ್ಲಿದ್ದ ನಿರುದ್ಯೋಗಿಗೆ ದೊಡ್ಡ ಹೋಟೆಲಿನ ಮೆತ್ತನೆ ಹಾಸಿಗೆಯಲ್ಲಿ ನಿದ್ದೆ ಬರುವುದಿಲ್ಲ. ಏನೋ ಕಮ್ಮಿ. ವಠಾರಕ್ಕೆ ಹೋಗಿ ಟಾಕೀಸಿನ ಗದ್ದಲವನ್ನು ರೆಕಾರ್ಡ್ ಮಾಡಿಕೊಂಡು ಬಂದು, ಹೋಟೆಲಿನಲ್ಲಿ ಅದನ್ನು ಹಾಕಿಕೊಂಡು ಗಡದ್ದಾಗಿ ಮಲಗುತ್ತಾನೆ. ಅದನ್ನು ನೋಡಿ ನಗದೆ ಕೂತವನು ಇಡೀ ಥಿಯೇಟರಿನಲ್ಲಿ ನಾನೊಬ್ಬನೇ ಇರಬೇಕು. ಗಾಳಿ ಈ ಕಡೆ ಬೀಸಿದ ರಾತ್ರಿಗಳಲ್ಲಿ ಟೆಂಟಿನ ಎರಡನೇ ಆಟದ ಮಾತು ನಮ್ಮ ಅಂಗಳಕ್ಕೆ ಪೂರ್ತಿ ಕೇಳಿಸುತ್ತಿತ್ತು. ಚಾಪೆಯ ಮೇಲೆ ಮಲಗಿ, ಕಣ್ಣು ಮುಚ್ಚಿ, ಕಿವಿಯಲ್ಲೇ ಸಿನಿಮಾ ನೋಡುತ್ತಿದ್ದೆವು. ಖಳನಾಯಕ ಸಾಯುವ ಮೊದಲೇ ನಿದ್ದೆ ಬರುತ್ತಿತ್ತು. ಟೆಂಟು ಕಿತ್ತುಹೋದ ವಾರ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ.

ಇತ್ತೀಚಿನದು ಬೇಕೆಂದರೆ ಪವನ್ ಕುಮಾರ್ ಅವರ ‘ಲೂಸಿಯಾ’ (2013). ಪ್ರೇಕ್ಷಕರಿಂದಲೇ ಚಂದಾ ಎತ್ತಿ ತೆಗೆದ ಚಿತ್ರ. ಅದರ ನಾಯಕ ಟಾಕೀಸಿನಲ್ಲಿ ಟಾರ್ಚು ಬಿಟ್ಟು ಸೀಟು ತೋರಿಸುವ ಹುಡುಗ. ನಿದ್ದೆ ಬಾರದೆ ಒಂದು ಮಾತ್ರೆ ನುಂಗಿ ಕನಸಿನಲ್ಲಿ ಸಿನಿಮಾ ತಾರೆಯಾಗುತ್ತಾನೆ. ಆ ಹುಡುಗನ ಬದುಕು ಬಣ್ಣದಲ್ಲಿ, ತಾರೆಯ ಬದುಕು ಕಪ್ಪು ಬಿಳುಪಿನಲ್ಲಿ. ಟೆಂಟಿನ ನೆಲದಲ್ಲಿ ಬಣ್ಣ ಎಲ್ಲಿ ಹೋಯಿತೆಂದು ಅತ್ತಿದ್ದ ನಾನು ಅಂದು ಥಿಯೇಟರಿನಿಂದ ನಡೆದೇ ಮನೆಗೆ ಬಂದೆ. ಯಾವುದು ಕನಸು ಎಂದು ಹೇಳಿ ನಿಮ್ಮ ರಸ ಕೆಡಿಸುವುದಿಲ್ಲ, ನೋಡಿರದಿದ್ದರೆ ನೋಡಿ. ಹಾಗೆ ನೋಡಿದರೆ ಕೋಟಿಗಟ್ಟಲೆ ಸುರಿದು ಹಾರಿಸಿದ ಎಷ್ಟೋ ಡ್ರ್ಯಾಗನ್ನುಗಳು ಮನೆ ಮುಟ್ಟುವಷ್ಟರಲ್ಲಿ ತಲೆಯಿಂದ ಹಾರಿಹೋಗಿವೆ. ಅವುಗಳ ರೆಕ್ಕೆಯ ಪೊರೆಯಲ್ಲಿ ನರ ಕೂಡ ಕಾಣುತ್ತಿತ್ತು. ನಮಗೆ ಕಟ್ಟಿಕೊಳ್ಳಲು ಏನೂ ಉಳಿಸಿರಲಿಲ್ಲ.

ಹೋದ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆ. ಅತ್ತೆಗೆ ಈಗ ಎಂಬತ್ತು ದಾಟಿದೆ. ಕಣ್ಣಿನ ಆಪರೇಷನ್ ಆಗಿದೆ, ಬೆರಳು ಮಾತ್ರ ಮೊದಲಿನ ಹಾಗೇ ಹಿತುಕುತ್ತವೆ. ‘ಮಾಯಾಬಜಾರ್’ಗೆ 2010ರಲ್ಲಿ ಬಣ್ಣ ಹಾಕಿದ್ದಾರೆ. ಅಣ್ಣನ ಮೊಮ್ಮಗ ಅದನ್ನು ಟಿವಿಗೆ ಹಾಕಿಕೊಟ್ಟ. ಅತ್ತೆ ಮೊರ ಮುಂದಿಟ್ಟುಕೊಂಡು ಕೂತರು. ಶಶಿರೇಖೆ ಬಂದೊಡನೆ, ‘ಆ ಸೀರೆ ಬಣ್ಣ ಇದಲ್ಲ’ ಎಂದರು. ಲಡ್ಡು ಹಾರಿದವು, ಘಟೋತ್ಕಚ ಎದ್ದ, ದೃಶ್ಯ ಮುಂದಕ್ಕೆ ಹೋಯಿತು. ನಾನು ಟಿವಿ ಬಿಟ್ಟು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಅವರ ಕೈ ನಿಂತಿತು.

‘ನೋಡಿದ್ಯಾ? ಇದರಲ್ಲೂ ಕಟ್ ಮಾಡಿದಾರೆ.’

‘ಏನು ಕಟ್ ಮಾಡಿದಾರೆ ಅಜ್ಜಿ?’ ಎಂದ ಹುಡುಗ.

ಅತ್ತೆ ಒಂದು ಮೊರ ಕಾಳನ್ನು ಅವನ ಮುಂದಕ್ಕೆ ತಳ್ಳಿದರು. ಟಿವಿ ಶಬ್ದ ಕಡಿಮೆ ಮಾಡಿಸಿ ಶುರುಮಾಡಿದರು. ಈ ಸಲ ಘಟೋತ್ಕಚ ಬತ್ತಿಸಿದ್ದು ಎರಡು ಕೆರೆ. ಒಂದು ಬಲಗೈಗೆ, ಒಂದು ಎಡಗೈಗೆ.

ಓದುಗರಲ್ಲಿ ಒಂದು ವಿನಂತಿ. ‘ಮಾಯಾಬಜಾರ್’ ಸಿನಿಮಾದ ಪೂರ್ತಿ ಪ್ರಿಂಟು, ಅಂದರೆ ಘಟೋತ್ಕಚ ಕೈ ತೊಳೆಯುವ ರೀಲು ಸಮೇತ, ನಿಮ್ಮ ಊರಿನ ಹಳೆಯ ಟೆಂಟಿನವರ ಅಟ್ಟದಲ್ಲೋ ಯಾವುದಾದರೂ ಡಬ್ಬಿಯಲ್ಲೋ ಸಿಕ್ಕರೆ ದಯವಿಟ್ಟು ತಿಳಿಸಿ. ಬಂದು ಒಯ್ಯುತ್ತೇನೆ. ಬರುವಾಗ ಅವರೆಕಾಳು ತರುತ್ತೇನೆ, ಹಿತುಕಿಯೇ ತರುತ್ತೇನೆ.